ಇಪ್ಪತ್ತೆರಡೋ ಇಪ್ಪತ್ನಾಲ್ಕೋ

"ಇಪ್ಪತ್ತೆರಡೋ, ಇಪ್ಪತ್ನಾಲ್ಕೋ?" ಎಂದು ಈರಬಸಪ್ಪ ಎರಡನೇ ಸಲ ಕೇಳಿದ. ತಿಪ್ಪೇರುದ್ರಪ್ಪನಿಗೆ ಮೊದಲನೇ ಸಲವೇ ಕೇಳಿಸಿತ್ತು. ಬಾಗೂರಿನಲ್ಲಿ ಬಸ್ಸು ಹತ್ತುವಾಗಲೂ ಈ ಪ್ರಶ್ನೆ ತಲೆಯಲ್ಲಿತ್ತು, ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ಈ ಸೈಕಲ್ ಅಂಗಡಿಯವರೆಗೆ ನಡೆದು ಬರುವಾಗಲೂ ಇತ್ತು, ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮುದ್ದೆಯ ಜೊತೆ ಗಂಟಲಲ್ಲಿ ಇಳಿಯದೆ ನಿಂತದ್ದೂ ಅದೇ. ಆದರೂ ಬೇರೆಯವರ ಬಾಯಿಂದ ಬಂದಾಗ ಹೊಸದಾಗಿ ಹೆದರಿಕೆಯಾಯಿತು. ಅಂಗಡಿಯ ಸೂರಿನಿಂದ ಸೈಕಲ್ ಫ್ರೇಮುಗಳು ಕಂದು ಕಾಗದ ಸುತ್ತಿಕೊಂಡು ಸಾಲಾಗಿ ತೂಗುತ್ತಿದ್ದವು. ಕೆಳಗಿನಿಂದ ನೋಡಿದರೆ ಎಲ್ಲವೂ ಒಂದೇ ಅಳತೆಯವು. ಎರಡು ಇಂಚಿನ ವ್ಯತ್ಯಾಸ ಕಣ್ಣಿಗೆ ಎಲ್ಲಿ ಕಾಣುತ್ತದೆ? ಹತ್ತಿ ಕೂತು, ನಿಲ್ಲಿಸಬೇಕಾಗಿ ಬಂದು, ಕಾಲು ನೆಲಕ್ಕೆ ತಡಕಾಡಿದಾಗ ಗೊತ್ತಾಗುತ್ತದೆ. "ಗಂಡಿನ ಸೈಕಲ್ಲು ಅಂದ್ರೆ ಇಪ್ಪತ್ನಾಲ್ಕು ತಗಳ್ರಿ ಮೇಷ್ಟ್ರೆ, ನೋಡಾಕೆ ಗತ್ತು. ಇಪ್ಪತ್ತೆರಡು ಕೊಟ್ರೆ ಬೀಗರು ಅಂದ್ಕತಾರೆ, ನಮ್ಮ ಹುಡುಗನ್ನ ಗಿಡ್ಡ ಅಂತ ಆಡ್ಕಂಡ್ರು ಅಂತ. ಆಮೇಲೆ ನನ್ನಂಗಡಿಗೆ ಬಂದು ಬೈತೀರಿ" ಎಂದು ಈರಬಸಪ್ಪ ನಕ್ಕ. ತಿಪ್ಪೇರುದ್ರಪ್ಪನೂ ನಕ್ಕ. ಹೆದರಿದಾಗ ನಗುವುದು ಅವನ ಹಳೆಯ ಚಾಳಿ. ಇನ್ಸ್‌ಪೆಕ್ಟರು ಶಾಲೆಗೆ ಬಂದಾಗಲೂ ಹೀಗೇ ನಕ್ಕು ಬೈಸಿಕೊಂಡಿದ್ದ. ಪಕ್ಕದಲ್ಲಿ ತಂಗಿ ಕೊಟ್ರಮ್ಮ ಕೈಚೀಲ ಹಿಡಿದು ನಿಂತು, ಅಂಗಡಿಯ ಗೋಡೆಗೆ ಹಚ್ಚಿದ್ದ ಗಂಟೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ಇನ್ನು ಒಂಬತ್ತು ದಿನಕ್ಕೆ ಮದುವೆಯಾಗುವ ಹುಡುಗಿ, ತನ್ನ ಗಂಡನ ಸೈಕಲ್ಲಿಗೆ ಗಂಟೆ ಆರಿಸುತ್ತಿದ್ದಾಳೆ.

ಸೈಕಲ್ಲು ಬೇಡವೆಂದು ಗಂಡಿನ ಕಡೆಯವರೇ ಹೇಳಿದ್ದರು. ಅವ್ವ ಒಪ್ಪಲಿಲ್ಲ. "ಬ್ಯಾಡ ಅಂತಾರೆ, ದೊಡ್ಡಸ್ತಿಕೆ. ನಾವು ಕೊಡ್ದಿದ್ರೆ ಊರು ಏನಂತೈತೆ?" ಎಂದು ಮರುಳಸಿದ್ದಮ್ಮ ಮಗನ ಬಾಯಿ ಮುಚ್ಚಿಸಿದ್ದಳು. ಅವರ ಬೀದಿಯಲ್ಲಿ ಹೊಸ ಅಳಿಯನಿಗೆ ಸೈಕಲ್ಲು ಕೊಟ್ಟರೆ ಅವನು ಮದುವೆಯ ಮಾರನೇ ದಿನ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು, ಹ್ಯಾಂಡಲ್ಲಿಗೆ ಹೂವಿನ ಹಾರ ಸುತ್ತಿ, ಮನೆಯಿಂದ ಊರ ಅಗಸೆಬಾಗಿಲವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಹೆಂಗಸರು ಕಟ್ಟೆಯ ಮೇಲೆ ನಿಂತು ನೋಡುತ್ತಾರೆ. ಹುಡುಗರು ಹಿಂದೆ ಓಡುತ್ತಾರೆ. ಅಗಸೆಯ ಹತ್ತಿರ ಬೀದಿ ಕಿರಿದು, ಯಾವಾಗಲೂ ಒಂದು ಎಮ್ಮೆ ಅಡ್ಡ ನಿಂತಿರುತ್ತದೆ. ಅಲ್ಲಿ ಕಾಲು ಊರದೆ ತಿರುಗಿಸಿದವರನ್ನು ತಿಪ್ಪೇರುದ್ರಪ್ಪ ಇದುವರೆಗೆ ಕಂಡಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ಆ ಎಮ್ಮೆ ಕಾಣುತ್ತದೆ. ಅದರ ಮುಂದೆ ಎಡಕ್ಕೆ ವಾಲುವ ಹೊಸ ಸೈಕಲ್ಲು, ನೆಲ ಸಿಗದೆ ಗಾಳಿಯಲ್ಲಿ ಆಡುವ ಒಂದು ಕಾಲು, ಆಮೇಲೆ ಊರಿಗೆ ಊರೇ ಆ ಕಾಲನ್ನು ನೋಡುವುದು. ಊರೇನು ಮಹಾ, ಊರು ನಾಲ್ಕು ದಿನ ಆಡಿಕೊಂಡು ಮರೆಯುತ್ತದೆ. ಕಟ್ಟೆಯ ಮೇಲೆ ನಿಂತ ಕೊಟ್ರಮ್ಮ ಆ ಕಾಲನ್ನು ನೋಡಿ, ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಅಣ್ಣನನ್ನು ನೋಡುತ್ತಾಳಲ್ಲ, ಅವನಿಗೆ ಹೆದರಿಕೆ ಅದರದು. ಅವಳಿಗೆ ಅದು ಗೊತ್ತಿಲ್ಲ, ಅವನಿಗೆ ಗೊತ್ತಿತ್ತು. ಹೇಳು ಎಂದು ಅವನಿಗೆ ಹೇಳಿದ್ದರು, ಅವನು ಹೇಳಿರಲಿಲ್ಲ.

ಹೇಳಿದ್ದವನು ಗಂಡೇ. ರಾಮಗಿರಿಯ ರೇವಣಸಿದ್ದಪ್ಪ, ಸೊಸೈಟಿಯಲ್ಲಿ ಗುಮಾಸ್ತ. ಹೆಣ್ಣು ನೋಡಲು ಬಂದ ದಿನ ಅವನು ಚಾಪೆಯ ಮೇಲೆ ಕೂತಿದ್ದ, ಕೊಟ್ರಮ್ಮ ನೀರಿನ ಚೊಂಬು ತಂದಿಟ್ಟು ಒಳಗೆ ಹೋದಳು. ಅವನದು ಅಗಲ ಭುಜ, ಕೂತರೆ ಆಜಾನುಬಾಹು. ಆಮೇಲೆ ಕೈ ತೊಳೆಯುವ ನೆವ ಮಾಡಿಕೊಂಡು ತಿಪ್ಪೇರುದ್ರಪ್ಪನನ್ನು ಹಿತ್ತಲ ತೆಂಗಿನ ಮರಗಳ ಕಡೆಗೆ ಕರೆದುಕೊಂಡು ಹೋಗಿ, ಸುತ್ತಿಬಳಸದೆ ಹೇಳಿದ್ದ. "ಕೇಳ್ರಿ ಮೇಷ್ಟ್ರೆ, ನನ್ನ ಎಡಗಾಲು ಒಂದೂವರೆ ಇಂಚು ಗಿಡ್ಡ. ಐದು ವರ್ಷದವ ಇದ್ದಾಗ ಜ್ವರ ಬಂದು ಹಂಗಾಯ್ತು. ಚಪ್ಲಿಗೆ ದಪ್ಪ ಅಟ್ಟೆ ಹಾಕ್ಸೀನಿ, ಯಾರಿಗೂ ತಿಳಿಯಲ್ಲ. ಆದ್ರೆ ತಿಳೀದಂಗೆ ಮದುವೆ ಆಗಾಕೆ ನನಗೆ ಮನಸ್ಸಿಲ್ಲ. ನಿಮ್ಮ ತಂಗಿನ ಕೇಳ್ರಿ. ನಿಮ್ಮವ್ವನ್ನಲ್ಲ, ಅವರನ್ನ. ಅವರು ಹೂಂ ಅಂದ್ರೆ ಮುಂದಿನ ಮಾತು." ಹೇಳಿ ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದ್ದ. ಸಂತೆಯಲ್ಲಿ ಎತ್ತನ್ನು ನಡೆಸಿ ತೋರಿಸಿದ ಹಾಗೆ ತನ್ನನ್ನು ತಾನೇ ನಡೆಸಿ ತೋರಿಸಿದ್ದ. ಆಗ ತಿಪ್ಪೇರುದ್ರಪ್ಪನಿಗೆ ಅನ್ನಿಸಿದ್ದು ಮರುಕವಲ್ಲ, ಮೆಚ್ಚಿಕೆಯೂ ಅಲ್ಲ, ಸಿಟ್ಟು. ಈ ಮನುಷ್ಯ ಇದನ್ನು ತನ್ನ ತಲೆಗೆ ಯಾಕೆ ಕಟ್ಟಿದ? ಎರಡು ಸಂಬಂಧ ಮುರಿದು ಬಿದ್ದು, ಕೊಟ್ರಮ್ಮನಿಗೆ ಇಪ್ಪತ್ತೈದು ನಡೆಯುತ್ತಾ, ಅವ್ವ ದಿನಾ ಬೆಳಿಗ್ಗೆ ಅದನ್ನೇ ಹೇಳಿಕೊಂಡು ಅಂಗಳ ಗುಡಿಸುತ್ತಾ ಇರುವ ಮನೆಗೆ ಇವನು ಸತ್ಯ ಹೊತ್ತುಕೊಂಡು ಬಂದಿದ್ದಾನೆ. ಆದರೂ ಅವತ್ತು ಸಂಜೆಯೇ ಕೇಳಬೇಕೆಂದು ತಂಗಿಯ ಹತ್ತಿರ ಹೋದ. ಅವಳು ರಾಗಿ ಕೇರುತ್ತಿದ್ದಳು. ಮೊರದಿಂದ ಹಾರುವ ಹೊಟ್ಟಿಗೆ ಕಣ್ಣು ಕಿರಿದು ಮಾಡಿಕೊಂಡು, "ಏನಣ್ಣ?" ಎಂದಳು. "ಏನಿಲ್ಲ" ಎಂದ. ಮಾರನೇ ದಿನ ಕೇಳೋಣವೆಂದುಕೊಂಡ. ಮಾರನೇ ದಿನ ಶಾಲೆಯಿತ್ತು, ಅದರ ಮಾರನೇ ದಿನ ಅವ್ವನಿಗೆ ತಲೆನೋವಿತ್ತು. ನಾಲ್ಕನೇ ದಿನ ರೇವಣಸಿದ್ದಪ್ಪನ ಸೋದರಮಾವ ಶಾಲೆಯ ಬಾಗಿಲಿಗೇ ಬಂದು, "ನಮ್ಮ ಹುಡುಗ ಕೇಳ್ಕಂಬಾ ಅಂದವ್ನೆ. ಹುಡುಗಿ ಏನಂದ್ಲು?" ಎಂದ. ಒಳಗೆ ಮಕ್ಕಳು ಮಗ್ಗಿ ಒದರುತ್ತಿದ್ದರು. ತಿಪ್ಪೇರುದ್ರಪ್ಪನ ಬಾಯಿ, "ಒಪ್ಪಿದಾಳೆ" ಎಂದಿತು.

ಇಷ್ಟು ಸಲೀಸಾಗಿ ಬರುವ ಮಾತೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ ಹದಿನೇಳರ ಮಗ್ಗಿ ತಪ್ಪು ಹೇಳಿದ ಹುಡುಗನಿಗೆ ಒಂದು ಬಿಟ್ಟ. ಅವಳನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದಳು ಎಂದು ಆ ಸಂಜೆ ಸಮಾಧಾನ ಮಾಡಿಕೊಂಡ. ಹಾಗಾದರೆ ಯಾಕೆ ಕೇಳಲಿಲ್ಲ? ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ. ಅವಳು ಇಲ್ಲ ಎಂದರೆ ಅವ್ವನಿಗೆ ಹೇಳಬೇಕಾಗಿತ್ತು, ಬೀಗರಿಗೆ ಹೇಳಬೇಕಾಗಿತ್ತು, ಮೂರನೇ ಸಂಬಂಧವೂ ಹೋಯಿತೆಂದು ಊರಿಗೆ ಮುಖ ತೋರಿಸಬೇಕಾಗಿತ್ತು. ಅಪ್ಪ ಸತ್ತ ಮೇಲೆ ಮನೆಯ ಯಜಮಾನ ಅವನೇ. ಯಜಮಾನಿಕೆಯೆಂದರೆ ಇಷ್ಟೇ, ಎಲ್ಲರಿಗೂ ಹೆದರುವುದು. ಅವನು ತಂಗಿಗೆ ಕೆಟ್ಟದ್ದು ಬಗೆದವನಲ್ಲ. ಗಂಡು ಒಳ್ಳೆಯವನು, ಎಂಥ ಒಳ್ಳೆಯವನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಒಳ್ಳೆಯತನಕ್ಕೆ ಸಾಕ್ಷಿ ಹೇಳಬೇಕಾದರೆ ತನ್ನ ಕಳ್ಳತನವನ್ನೂ ಹೇಳಬೇಕು. ಹೀಗೆ ಎರಡು ತಿಂಗಳು ಹೋಯಿತು.

"ಎಷ್ಟೆತ್ತರ ಅವ್ನೆ ಹುಡುಗ?" ಎಂದು ಈರಬಸಪ್ಪ ಕೇಳಿದ. "ಹೀಗೆ... ನನ್ನಷ್ಟು" ಎಂದು ತಿಪ್ಪೇರುದ್ರಪ್ಪ ಕೈಯನ್ನು ತಲೆಯ ಹತ್ತಿರ ಒಯ್ದು, ಅಲ್ಲಿಂದ ಸ್ವಲ್ಪ ಕೆಳಗಿಳಿಸಿ, ಮತ್ತೆ ಮೇಲೆತ್ತಿದ. "ಕೂತಾಗ ನಿನಗಿಂತ ಎತ್ತರ ಇದ್ರಲ್ಲಣ್ಣ" ಎಂದಳು ಕೊಟ್ರಮ್ಮ, ಗಂಟೆಯಿಂದ ಕೈ ತೆಗೆದು. ಹೇಳಿದ ಮೇಲೆ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ಈರಬಸಪ್ಪನಿಗೆ ಖುಷಿಯಾಯಿತು. "ಕೂತ ಎತ್ತರ ತಗಂಡು ನಾನೇನ್ ಮಾಡ್ಲವ್ವ? ಸೈಕಲ್ಲಿಗೆ ಬೇಕಾಗಿದ್ದು ಕಾಲು. ಮೈ ಉದ್ದ ಇದ್ದು ಕಾಲು ಗಿಡ್ಡ ಇರೋರು ಇರ್ತಾರೆ, ಕಾಲೇ ಉದ್ದ ಇರೋರು ಇರ್ತಾರೆ. ಅಂದಾಜಿನ ಮ್ಯಾಲೆ ತಗಂಡು ಹೋಗಿ, ಸೀಟು ಇಳಿಸ್ರಿ ಅಂತ ವಾಪಸ್ ಬರ್ತಾರೆ. ಸೀಟು ಇಳಿಸಬಹುದು, ಮುಂದಿನ ಅಡ್ಡ ಬಾರು ಇಳಿಸಾಕಾಗತೈತಾ? ನಿಂತ್ಕಂಡ್ರೆ ಬಾರಿಗೂ ಅವನಿಗೂ ಮಧ್ಯೆ ಎರಡು ಬೆರಳು ಜಾಗ ಇರಬೇಕು. ಇಲ್ದಿದ್ರೆ..." ಹೆಣ್ಣುಮಗಳು ನಿಂತದ್ದು ನೆನಪಾಗಿ ಈರಬಸಪ್ಪ ಅಲ್ಲಿಗೇ ನಿಲ್ಲಿಸಿ ಕೆಮ್ಮಿದ. ತಿಪ್ಪೇರುದ್ರಪ್ಪ ಆ ಸಂದಿನಲ್ಲಿ ನುಗ್ಗಿದ. "ಇಪ್ಪತ್ತೆರಡೇ ಕೊಡ್ರಿ" ಎಂದ. ದನಿ ಬೇಡವಾದಷ್ಟು ಜೋರಾಗಿ ಬಂತು. "ಯಾಕಣ್ಣ? ಎಲ್ರೂ ಇಪ್ಪತ್ನಾಲ್ಕು ತಗಂತಾರೆ ಅಂದ್ರಲ್ಲ ಇವ್ರು. ಅವ್ವನೂ ಇಪ್ಪತ್ನಾಲ್ಕೇ ಅಂದ್ಲು" ಎಂದಳು ಕೊಟ್ರಮ್ಮ. ತಿಪ್ಪೇರುದ್ರಪ್ಪ, "ಇಪ್ಪತ್ತೆರಡು ಗಟ್ಟಿ" ಎಂದ. "ಎರಡೂ ಒಂದೇ ಗಟ್ಟಿ ಮೇಷ್ಟ್ರೆ" ಎಂದ ಈರಬಸಪ್ಪ, ನಗು ತಡೆದುಕೊಂಡು.

ಆಮೇಲೆ ಈರಬಸಪ್ಪ ಇನ್ನೊಂದು ಮಾತು ಕೇಳಿದ. "ಗಂಡಿಗೆ ಪ್ಯಾಂಟು ಎಲ್ಲಿ ಹೊಲಿಯಾಕೆ ಹಾಕೀರಿ?" ದರ್ಜಿ ಜುಂಜಣ್ಣನ ಹತ್ತಿರ ಎಂದಳು ಕೊಟ್ರಮ್ಮ. ಗಂಡಿನ ಬಟ್ಟೆ ಹೊಲಿಸುವುದು ಹೆಣ್ಣಿನ ಕಡೆಯವರ ಪಾಲು. ಹೋದ ವಾರ ರೇವಣಸಿದ್ದಪ್ಪ ಹೊಸದುರ್ಗಕ್ಕೆ ಬಂದು ಅಳತೆ ಕೊಟ್ಟುಹೋಗಿದ್ದ. "ಮತ್ತೆ ಇನ್ನೇನು!" ಎಂದ ಈರಬಸಪ್ಪ. "ನಾನು ಇಲ್ಲಿಗೆ ಬರದ ಅಳಿಯಂದಿರಿಗೆಲ್ಲ ಹಂಗೇ ಸೈಕಲ್ ಕೊಡಾದು. ಜುಂಜಣ್ಣ ಅಳತೆ ಚೀಟಿ ಬರ್ದಿಟ್ಟಿರ್ತಾನೆ, ಒಳಗಾಲು, ಅಂದ್ರೆ ಕಾಲಿನ ಒಳಗಡೆ ಉದ್ದ, ಎಷ್ಟು ಅಂತ ಅದ್ರಾಗೆ ಇರತೈತೆ. ಮೂವತ್ತೊಂದು ದಾಟಿದ್ರೆ ಕಣ್ಣು ಮುಚ್ಚಿ ಇಪ್ಪತ್ನಾಲ್ಕು, ಇಲ್ಲಾಂದ್ರೆ ಇಪ್ಪತ್ತೆರಡು. ನಾಕಂಗಡಿ ದಾಟಿದ್ರೆ ಅವ್ನ ಅಂಗಡಿ, ತಗಂಬರ್ರಿ." "ನಾನು ಹೋಗ್ತೀನಿ" ಎಂದು ತಿಪ್ಪೇರುದ್ರಪ್ಪ ಎದ್ದ. ಎದ್ದ ರಭಸಕ್ಕೆ ಕಾಲಿಗೆ ಟ್ಯೂಬು ಮುಳುಗಿಸುವ ನೀರಿನ ಬಾಂಡ್ಲಿ ತಾಗಿ, ನೀರು ಚೆಲ್ಲಿ, ಪಂಚೆಯ ಅಂಚು ಒದ್ದೆಯಾಯಿತು. "ಕುಂತ್ಕ ಅಣ್ಣ, ನಂದೂ ರವಿಕೆ ಇಸ್ಕಂಬೇಕು" ಎಂದು ಅವಳು ಆಗಲೇ ಬೀದಿಗೆ ಇಳಿದಿದ್ದಳು. ಕರೆಯಬೇಕೆಂದುಕೊಂಡ. ಏನೆಂದು ಕರೆಯುವುದು? ಜಟಕಾ ಒಂದು ಅಡ್ಡ ಬಂತು, ಅದು ದಾಟಿದ ಮೇಲೆ ಅವಳ ಹಸಿರು ಸೀರೆ ಕಾಣಲಿಲ್ಲ.

ಕೂತ. ಈರಬಸಪ್ಪ ಒದ್ದೆ ನೆಲಕ್ಕೆ ಗೋಣಿಚೀಲ ಹಾಸಿ ಮತ್ತೇನೋ ಮಾತಾಡುತ್ತಿದ್ದ, ಡೈನಮೋ ಬೇಕಾ, ಕ್ಯಾರಿಯರ್ ಅಗಲದ್ದು ಹಾಕ್ಲಾ ಎಂದು. ಹೂಂ ಎಂದ, ಎಲ್ಲಕ್ಕೂ ಹೂಂ ಎಂದ. ತಲೆಯಲ್ಲಿ ಒಂದೇ ಲೆಕ್ಕ ನಡೆದಿತ್ತು: ದರ್ಜಿಗಳು ಎಷ್ಟು ಕಾಲು ಅಳೆಯುತ್ತಾರೆ? ಒಂದು. ಅವನಿಗೆ ಅಳತೆ ತೆಗೆದವರೆಲ್ಲ ಒಂದೇ ಕಾಲು ಅಳೆದಿದ್ದರು. ಟೇಪು ಹಿಡಿದು, ಬಗ್ಗಿ, ಬಲಗಾಲಿನ ಹಿಮ್ಮಡಿಯವರೆಗೆ ಎಳೆದು, ಕಿವಿಯ ಸಂದಿನ ಪೆನ್ಸಿಲು ತೆಗೆದು ಬರೆದುಕೊಳ್ಳುತ್ತಾರೆ. ದೇವರು ಎರಡು ಕಾಲನ್ನೂ ಸಮ ಮಾಡಿರುತ್ತಾನೆಂದು ಎಲ್ಲ ದರ್ಜಿಗಳಿಗೂ ನಂಬಿಕೆ. ಹಾಗಾದರೆ ಚೀಟಿಯಲ್ಲಿ ಒಂದೇ ಅಂಕಿ ಇರುತ್ತದೆ, ಅವಳು ಅದನ್ನು ತರುತ್ತಾಳೆ, ಅಂಕಿ ಇಪ್ಪತ್ತೆರಡನ್ನೇ ಹೇಳಿದರೆ ಅವನ ಮಾತೂ ಉಳಿಯುತ್ತದೆ. ಒಂದು ಕ್ಷಣ ಉಸಿರು ಸಲೀಸಾಯಿತು. ಆದರೆ ತೆಂಗಿನ ಮರದ ಕೆಳಗೆ ಚಪ್ಪಲಿ ಬಿಟ್ಟು ನಡೆದು ತೋರಿಸಿದವನು ದರ್ಜಿಯ ಮುಂದೆ ಸುಮ್ಮನಿರುತ್ತಾನೆಯೇ? ಎಡಗಾಲೂ ಅಳೀರಿ, ಅದು ಬೇರೆ ಐತೆ ಎಂದಿರುತ್ತಾನೆ. ನಾಚದೆ ಹೇಳಿರುತ್ತಾನೆ, ಯಾಕೆಂದರೆ ಅವನ ಮಟ್ಟಿಗೆ ಇದು ಮುಚ್ಚಿಡುವ ವಿಷಯವೇ ಅಲ್ಲ, ಮದುವೆಯಾಗುವ ಹುಡುಗಿಯೇ ಒಪ್ಪಿದ್ದಾಳೆ. ತನ್ನ ಒಂದು ಸುಳ್ಳಿನ ಮೇಲೆ ಭರವಸೆಯಿಟ್ಟು ಆ ಮನುಷ್ಯ ಎರಡು ತಿಂಗಳು ಧೈರ್ಯವಾಗಿ ಓಡಾಡಿಕೊಂಡಿದ್ದಾನೆ! ತಿಪ್ಪೇರುದ್ರಪ್ಪನಿಗೆ ಈಗಲೇ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕಿದ ಬಸ್ಸು ಹತ್ತಿಬಿಟ್ಟರೆ ಎನ್ನಿಸಿತು, ಹಿರಿಯೂರು, ಚಿತ್ರದುರ್ಗ, ಯಾವುದಾದರೂ. ಮೂವತ್ತಾರು ವರ್ಷದ ಮೇಷ್ಟ್ರು, ತಂಗಿ ನಾಲ್ಕು ಅಂಗಡಿಯಾಚೆ ಹೋಗಿದ್ದಾಳೆಂದು ಊರು ಬಿಟ್ಟು ಓಡುವ ಯೋಚನೆ ಮಾಡುತ್ತಿದ್ದ. ನಾಚಿಕೆಯಾಯಿತು, ಆದರೆ ಹೆದರಿಕೆ ನಾಚಿಕೆಯನ್ನು ಮೂಲೆಗೆ ತಳ್ಳಿ ತಾನೇ ಕೂತಿತು.

ಅವಳು ಬಂದಾಗ ರವಿಕೆಯ ಪೊಟ್ಟಣ ಕಂಕುಳಲ್ಲಿತ್ತು, ಚೀಟಿ ಕೈಯಲ್ಲಿತ್ತು. ಮುಖದಲ್ಲಿ ಏನೂ ಕಾಣಲಿಲ್ಲ. ಬರುವ ದಾರಿಯಲ್ಲಿ ಓದಿದ್ದಾಳೋ ಇಲ್ಲವೋ? ಏಳನೇ ಕ್ಲಾಸಿನವರೆಗೆ ಅವನೇ ಓದಿಸಿದ್ದ. ಕಂಡ ಕಾಗದವನ್ನೆಲ್ಲ, ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುವ ಹುಡುಗಿ. "ಕೊಡವ್ವ" ಎಂದು ಈರಬಸಪ್ಪ ಕೈ ಚಾಚಿದ. ಅವಳು ಕೊಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಶಾಲೆಯಲ್ಲಿ ಪದ್ಯ ಓದುವಾಗ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತು ಓದಿದಳು. "ಒಳಗಾಲು. ಬಲ ಇಪ್ಪತ್ತೊಂಬತ್ತು. ಎಡ ಇಪ್ಪತ್ತೇಳೂವರೆ." ಈರಬಸಪ್ಪ, "ಎಡ ಬಲ ಯಾಕೆ ಬರ್ದವ್ನೆ? ತಪ್ಪು ಬರ್ದಿರಬೇಕು ಮುದುಕ, ಕಣ್ಣು ಕಾಣಲ್ಲ ಅವ್ನಿಗೆ" ಎಂದ. "ತಪ್ಪಿಲ್ಲ. ನಾನೂ ಹಂಗೇ ಕೇಳ್ದೆ. ಗಂಡೇ ನಿಂತ್ಕಂಡು ಎರಡೂ ಅಳೆಸಿದ್ರಂತೆ. ನಿಂಗೆ ಗೊತ್ತಿಲ್ವೇನವ್ವ ಅಂದ ಜುಂಜಣ್ಣ." ಅವಳು ಇದನ್ನು ಈರಬಸಪ್ಪನಿಗೆ ಹೇಳುತ್ತಿದ್ದಳು, ಆದರೆ ಈರಬಸಪ್ಪನನ್ನು ನೋಡುತ್ತಿರಲಿಲ್ಲ. ಅಣ್ಣನನ್ನು ನೋಡುತ್ತಿದ್ದಳು. ತಿಪ್ಪೇರುದ್ರಪ್ಪ ಪಂಚೆಯ ಒದ್ದೆ ಅಂಚನ್ನು ಹಿಂಡತೊಡಗಿದ. ಅದರಲ್ಲಿ ನೀರು ಉಳಿದಿರಲಿಲ್ಲ. ನಗು ಬರುತ್ತಿತ್ತು, ಆ ಹಾಳು ನಗು, ಹಲ್ಲು ಕಚ್ಚಿ ತಡೆದ. ಅವಳಿಗೆ ಎಲ್ಲ ತಿಳಿದುಹೋಗಿತ್ತು. ಎರಡು ತಿಂಗಳಿಂದ ಅವನು ಏನೇನು ಮಾಡಿದ್ದ, ಯಾಕೆ ಮುಖ ತಪ್ಪಿಸಿ ಓಡಾಡಿದ, ಇಪ್ಪತ್ತೆರಡೇ ಕೊಡಿ ಎಂದು ಯಾಕೆ ಕೂಗಿದ, ಒಂದೊಂದೂ ಅವಳ ಕಣ್ಣಲ್ಲಿ ತನ್ನ ಜಾಗಕ್ಕೆ ಹೋಗಿ ಕೂರುವುದನ್ನು ಅವನು ನೋಡಿದ.

ಅಂಗಡಿಯಲ್ಲಿ ಮುಂದೆ ನಡೆದದ್ದೆಲ್ಲ ಅವನಿಲ್ಲದೆ ನಡೆಯಿತು. "ಹಿಂಗಿದ್ರೆ ಯಾವುದು ಆಗತೈತೆ?" ಎಂದು ಕೊಟ್ರಮ್ಮ ಕೇಳಿದಳು. ಈರಬಸಪ್ಪನ ನಗುಮುಖ ಬದಲಾಗಿ, ಕಸುಬಿನ ಮುಖ ಬಂದಿತ್ತು. "ನೆಲಕ್ಕೆ ಊರೋದು ಎಡಗಾಲಲ್ವೇನವ್ವ? ಹಂಗಾಗಿ ಗಿಡ್ಡ ಕಾಲಿಗೇ ಅಳತೆ ಹಿಡೀಬೇಕು. ಇಪ್ಪತ್ತೆರಡು, ಅದ್ರಾಗೆ ಎರಡು ಮಾತಿಲ್ಲ. ಎಡಗಡೆ ಪೆಡ್ಲಿಗೆ ಒಂದೂವರೆ ಇಂಚು ಮರದ ತುಂಡು ಕಟ್ಟಿ ಬೋಲ್ಟ್ ಹಾಕ್ತೀನಿ, ತುಳಿಯಾಕೆ ಸಮ ಆಗತೈತೆ." ಮರ ಯಾವುದು, ನೀರಲ್ಲಿ ನೆನೆದರೆ ಸೀಳುವುದಿಲ್ಲವೇ, ಜಾರದ ಹಾಗೆ ಮೇಲೆ ರಬ್ಬರ್ ಬಡಿಯಬಹುದೇ ಎಂದೆಲ್ಲ ಅವಳು ಕೇಳಿದಳು. ಹೊನ್ನೆ ಮರ ಹಾಕ್ರಿ ಎಂದಳು. ಆಮೇಲೆ, "ಜೋಡಿಸಿ ಇಟ್ಟಿರ್ರಿ. ಮದುವೆಗೆ ಮುಂಚೆ ಅವರೇ ಬಂದು ಹತ್ತಿ ನೋಡ್ಲಿ. ಸರಿ ಹೋಗದಿದ್ರೆ ಅವರ ಮುಂದೇ ಸರಿ ಮಾಡ್ರಿ" ಎಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯ ಪೊಟ್ಟಣದೊಳಗೆ ಇಟ್ಟುಕೊಂಡಳು. ಹಾಗಾದರೆ ಮದುವೆ ನಡೆಯುತ್ತದೆಯೇ? ಸೈಕಲ್ಲು ಕೊಳ್ಳುವವಳು ಮದುವೆ ಮುರಿಯುತ್ತಾಳೆಯೇ? ಸೈಕಲ್ಲು ಕೊಂಡಳೆಂದರೆ ಒಪ್ಪಿದಳೆಂದು ಅರ್ಥವೇ? ಮತ್ತೊಮ್ಮೆ ಅವಳ ಪರವಾಗಿ ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಾನೆಂದು ಗೊತ್ತಾಗಿ ತಿಪ್ಪೇರುದ್ರಪ್ಪ ಬೆಚ್ಚಿದ.

ಬಸ್ ಸ್ಟ್ಯಾಂಡಿನವರೆಗೂ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಎಳನೀರು ಗುಡ್ಡೆ ಹಾಕಿದ್ದ ಕಡೆ, ನೆರಳಿರುವ ಜಾಗ ನೋಡಿ ನಿಂತಳು. ಬಾಗೂರಿನ ಬಸ್ಸು ಇನ್ನೂ ಬಂದಿರಲಿಲ್ಲ. "ಅವರು ಮನೆಗೆ ಬಂದ ದಿನ ನಿನ್ನನ್ನ ಹಿತ್ತಲಿಗೆ ಕರ್ಕಂಡು ಹೋಗಿದ್ರು. ಇದನ್ನೇ ಹೇಳಿದ್ದಾ?" ಎಂದಳು. ತಲೆಯಾಡಿಸಿದ. "ಏನಂದ್ರು? ಅವರು ಹೆಂಗಂದ್ರೋ ಹಂಗೇ ಹೇಳು." ಹೇಳಿದ. ನಿಮ್ಮ ತಂಗಿನ ಕೇಳ್ರಿ, ನಿಮ್ಮವ್ವನ್ನಲ್ಲ, ಅವರನ್ನ, ಎಂಬಲ್ಲಿಗೆ ಬಂದಾಗ ಮಾತು ನುಂಗಲು ನೋಡಿದ. ಅವಳು ಕಾದಳು, ಪೂರ್ತಿ ಹೇಳಿಸಿದಳು. "ನಾನು ಏನಂದೆ ಅಂತ ಹೇಳ್ದೆ?" "ಒಪ್ಪಿದಾಳೆ ಅಂದೆ." ಕೊಟ್ರಮ್ಮ ಪೊಟ್ಟಣವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದಳು. ಅಳುತ್ತಾಳೆಂದುಕೊಂಡ, ಅತ್ತರೆ ಒಳ್ಳೆಯದು ಎಂದೂ ಅಂದುಕೊಂಡ. ಅತ್ತವರಿಗೆ ಸಮಾಧಾನ ಹೇಳಬಹುದು. ಅವಳು ಅಳಲಿಲ್ಲ. "ಈಗ ಕೇಳು" ಎಂದಳು. "ಏನು?" "ಅವತ್ತು ಕೇಳಬೇಕಾಗಿತ್ತಲ್ಲ, ಅದನ್ನ."

ಬಸ್ ಸ್ಟ್ಯಾಂಡಿನಲ್ಲಿ ಜನ ಓಡಾಡುತ್ತಿದ್ದರು. ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ತಿಪ್ಪೇರುದ್ರಪ್ಪ ಸುತ್ತ ನೋಡಿದ. ಇಲ್ಲ ಎಂದುಬಿಟ್ಟರೆ? ಒಂಬತ್ತು ದಿನ ಉಳಿದಿದೆ, ಲಗ್ನಪತ್ರಿಕೆ ಹಂಚಿಯಾಗಿದೆ, ಮಠದ ಸ್ವಾಮಿಗಳಿಗೆ ಹೇಳಿಯಾಗಿದೆ, ಅವ್ವ ಹಪ್ಪಳ ಒಣಹಾಕಿಕೊಂಡು ಕೂತಿದ್ದಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಒಪ್ಪಿದಾಳೆಂದು ನಂಬಿ ಕೂತ ಆ ಮನುಷ್ಯ. ಬಾಯಿ ತೆರೆದ. "ರೇವಣಸಿದ್ದಪ್ಪನ ಎಡಗಾಲು ಒಂದೂವರೆ ಇಂಚು ಗಿಡ್ಡ ಐತಂತೆ. ನಿನ್ನ ಕೇಳು ಅಂದ್ರು. ನಿನಗೆ... ಒಪ್ಪಿಗೆ ಐತಾ?" ತನ್ನ ತಂಗಿಯನ್ನು ಯಾವುದಕ್ಕಾದರೂ ಹೀಗೆ ಕೇಳಿದ್ದು ಇದೇ ಮೊದಲೆಂದು ಕೇಳುವಾಗಲೇ ಹೊಳೆಯಿತು.

"ಐತೆ" ಎಂದಳು. "ಈ ಇಪ್ಪತ್ತೈದು ವರ್ಷದಾಗ ನನ್ನನ್ನ ಕೇಳ್ರಿ ಅಂದೋರು ಅವರೊಬ್ರೇ. ನಾನು ಯಾಕೆ ಬ್ಯಾಡ ಅನ್ಲಿ?"

ತಿಪ್ಪೇರುದ್ರಪ್ಪ ಬದುಕಿದೆ ಎಂದುಕೊಂಡ. ಎಲ್ಲಾ ಸರಿಹೋಯಿತು, ನೋಡು, ನಾನು ಹೇಳಿದ್ದೇ ನಿಜವಾಯಿತಲ್ಲ, ಎನ್ನುವ ಮಾತು ನಾಲಿಗೆಯ ತುದಿಗೆ ಬಂತು; ಹೇಳಿಯೇ ಬಿಡುತ್ತಿದ್ದನೋ ಏನೋ, ಅಷ್ಟರಲ್ಲಿ ಅವಳು ಅದೇ ದನಿಯಲ್ಲಿ, ಉಪ್ಪು ಮುಗಿದಿದೆ ತಗೊಂಡು ಬಾ ಎನ್ನುವ ದನಿಯಲ್ಲಿ, "ಧಾರೆ ಎರೆಯಾಕೆ ಮಾತ್ರ ನೀನು ನಿಲ್ಬ್ಯಾಡ" ಎಂದಳು.

"ಅಂದ್ರೆ?"

"ಅಪ್ಪನ ಜಾಗದಾಗೆ ಕಾಟಲಿಂಗಪ್ಪ ಚಿಕ್ಕಪ್ಪ ನಿಲ್ಲಲಿ. ನನ್ನ ಕೈ ಅವರೇ ಹಿಡಿದು ಕೊಡ್ಲಿ. ನೀನು ಮದುವೆಗೆ ಇರು, ಬಡಿಸು, ಓಡಾಡು. ಕೊಡೋ ಕೆಲಸ ಬ್ಯಾಡ. ನನ್ನನ್ನ ಕೇಳದೆ ಒಂದ್ಸಲ ಕೊಟ್ಟಾಯ್ತಲ್ಲ."

ಬಾಗೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ನುಗ್ಗಿದರು. ಯಾರೋ ಅವನನ್ನು ಬದಿಗೆ ತಳ್ಳಿದರು, ಅವನು ತಳ್ಳಿಸಿಕೊಂಡ. ಅವಳು ಆಗಲೇ ಮೆಟ್ಟಿಲ ಮೇಲಿದ್ದಳು. ಊರಿಗೆ ಊರೇ ಚಪ್ಪರದ ಕೆಳಗೆ ಕೂತಿರುವಾಗ, ಒಡಹುಟ್ಟಿದ ಅಣ್ಣ ಕಂಬದ ಹತ್ತಿರ ನಿಂತಿರುವಾಗ, ಚಿಕ್ಕಪ್ಪ ಎದ್ದು ಧಾರೆಯ ಚೊಂಬಿಗೆ ಕೈಹಚ್ಚುವುದು ಅವನಿಗೆ ಕಾಣಿಸಿತು.

"ಕೊಟ್ರಮ್ಮ, ಅವ್ವನಿಗೆ ಏನಂತ ಹೇಳ್ಲಿ?" ಎಂದು ಕೆಳಗಿನಿಂದಲೇ ಕೂಗಿದ.

"ನೀನು ಏನೂ ಹೇಳಬ್ಯಾಡ" ಎಂದಳು ಅವಳು, ತಿರುಗಿ ನೋಡದೆ. "ನಾನೇ ಹೇಳ್ತೀನಿ."